ಇಪ್ಪತ್ನಾಲ್ಕರಲ್ಲಿ ಎರಡು

ಅರ್ಜಿ ಫಾರ್ಮಿನ ಆ ಕಾಲಂ ತೀರ ಸಣ್ಣದಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗ ಅಳತೆಯನ್ನೂ ತೋರಿಸುತ್ತಿದ್ದೆ: ಹೆಬ್ಬೆರಳಿನ ಉಗುರಿನಷ್ಟು ಅಗಲ. ಅಷ್ಟು ಜಾಗದಲ್ಲಿ ಏನು ಹಿಡಿಸುತ್ತದೆ, ಅದಕ್ಕೇ ಭಿನ್ನರಾಶಿಗಳನ್ನು ಸಂಕ್ಷೇಪಿಸಿ ಬರೆದೆ ಎನ್ನುತ್ತಿದ್ದೆ. ಕೇಳಿದವರು ಹೌದೌದು ಎಂದು ತಲೆಯಾಡಿಸಿದ್ದಾರೆ. ಆದರೆ ನಿಜವಾಗಿ ಹಾಗಿತ್ತೇ ಎಂದು ನನಗೆ ಗೊತ್ತಿರಲಿಲ್ಲ. ಫಾರ್ಮಿನ ಬಣ್ಣ ನೆನಪಿಲ್ಲ, ಯಾವ ಪೆನ್ನಿನಲ್ಲಿ ಬರೆದೆ ನೆನಪಿಲ್ಲ, ಕಾಲಮ್ಮಿನ ಅಗಲ ಮಾತ್ರ ಖಚಿತವಾಗಿ ನೆನಪಿದೆ ಎಂದರೆ ಅದು ಎಂಥ ನೆನಪು? ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಮೊದಲ ವಾಕ್ಯಕ್ಕೇ ಹಿಡಿದು ನಿಲ್ಲಿಸುತ್ತಿದ್ದೆ. ತನಗೆ ಅನುಕೂಲವಾದದ್ದನ್ನು ಇಷ್ಟು ಚೊಕ್ಕವಾಗಿ ನೆನಪಿಟ್ಟುಕೊಂಡವನನ್ನು ನಂಬಬಾರದು ಎನ್ನುವಷ್ಟನ್ನಾದರೂ ವಿಶ್ವವಿದ್ಯಾಲಯ ನನಗೆ ಕಲಿಸಿದೆ.

ಅಂಕೋಲೆಯ ನಮ್ಮೂರಲ್ಲಿ ಆರು ಮನೆಯವರಿಗೆ ಸೇರಿದ ಒಂದು ಗಜನಿ ಇತ್ತು. ಗಜನಿ ಎಂದರೆ ಹಳ್ಳದ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆ. ಮಳೆಗಾಲದಲ್ಲಿ ಭತ್ತ, ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ಎತ್ತಿ ಉಪ್ಪುನೀರು ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮರಿ ಒಳಗೆ ಬಂದು ಅಲ್ಲೇ ಬೆಳೆಯುತ್ತದೆ. ನಮ್ಮ ಕಡೆ ಅದಕ್ಕೆ ಶೆಟ್ಲಿ ಎನ್ನುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರು ಜೋರಾಗಿ ಇಳಿಯುವಾಗ ತೂಬಿನ ಬಾಯಿಗೆ ಬಲೆ ಕಟ್ಟಿದರೆ ಶೆಟ್ಲಿ ತಾನಾಗಿ ಬಂದು ಬೀಳುತ್ತದೆ. ಮಳೆ ಹಿಡಿಯುವವರೆಗೆ ಆರು ತಿಂಗಳು, ಆರು ಅಮಾವಾಸ್ಯೆ, ಆರು ಹುಣ್ಣಿಮೆ, ಒಂದೊಂದಕ್ಕೂ ಎರಡೆರಡು ದಿನ. ಒಟ್ಟು ಇಪ್ಪತ್ನಾಲ್ಕು ಪಾಳಿ. ತೂಬು ಒಂದೇ, ಆದ್ದರಿಂದ ಒಂದು ದಿನ ಒಂದೇ ಮನೆಯ ಬಲೆ.

ಯಾರಿಗೆ ಎಷ್ಟು ಪಾಳಿ ಎನ್ನುವುದು ತೂಬಿನ ಪಕ್ಕದ ಮಾಡಿನ, ಎಂದರೆ ಕಾವಲು ಗುಡಿಸಲಿನ, ಗೋಡೆಯ ಮೇಲೆ ಸುಣ್ಣದ ಗೀಟುಗಳಲ್ಲಿತ್ತು. ನಮ್ಮ ಮನೆಗೆ ಆರು ಗೀಟು. ಆಚೆ ಮನೆಗೆ ಐದು. ಎರಡು ಮನೆಗಳಿಗೆ ನಾಲ್ಕು ನಾಲ್ಕು, ಒಂದಕ್ಕೆ ಮೂರು. ಕೊನೆಯಲ್ಲಿ, ಬಾಗಿಲ ಚೌಕಟ್ಟಿಗೆ ತಾಗಿ, ಅತ್ತೆಯ ಎರಡು ಗೀಟು.

ಅತ್ತೆ ನನ್ನ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಮಗಳನ್ನು ಸೊಂಟದಲ್ಲಿಟ್ಟುಕೊಂಡು ತವರಿಗೆ ವಾಪಸ್ಸು ಬಂದವಳು. ಆಗ ಅಜ್ಜ ನಮ್ಮ ಮನೆಯ ಎಂಟು ಪಾಳಿಯಲ್ಲಿ ಎರಡನ್ನು ತೆಗೆದು, ಉಳಿದ ನಾಲ್ಕು ಮನೆಯ ಹಿರಿಯರ ಎದುರು ತಾನೇ ಗೋಡೆಗೆ ಗೀಟು ಎಳೆದು ಅವಳಿಗೆ ಕೊಟ್ಟನಂತೆ. ಯಾವ ಪಹಣಿಯಲ್ಲೂ ಅತ್ತೆಯ ಹೆಸರಿಲ್ಲ. ಊರಿನಲ್ಲಿ ಅವಳದ್ದು ಎನ್ನುವಂಥದ್ದು ಆ ಎರಡು ಗೀಟು ಮಾತ್ರ: ಮಳೆಗಾಲದ ಮುಂಚಿನ ಕೊನೆಯ ಎರಡು ಪಾಳಿ, ಇಪ್ಪತ್ಮೂರು ಮತ್ತು ಇಪ್ಪತ್ನಾಲ್ಕು. ಮೊದಲ ದಿನದ ಶೆಟ್ಲಿ ಒಣಗಿಸಿ ಮನೆಗೆ ಇಡುತ್ತಿದ್ದಳು. ಎರಡನೇ ದಿನದ್ದನ್ನು ಒಣಗಿಸಿ, ಗಂಟು ಕಟ್ಟಿ, ದೇವಬಾಗಕ್ಕೆ ಮದುವೆಯಾಗಿ ಹೋದ ಮಗಳ ಮನೆಗೆ ಒಯ್ಯುತ್ತಿದ್ದಳು. ವರ್ಷಕ್ಕೆ ಅದೊಂದೇ ಸಲ ಅವಳು ಅಲ್ಲಿ ಹೋಗಿ ನಾಲ್ಕು ದಿನ ಇರುತ್ತಿದ್ದದ್ದು. ಬರಿಗೈಯಲ್ಲಿ ಬೀಗರ ಮನೆಯ ಮೆಟ್ಟಿಲು ಹತ್ತುವ ಜಾತಿಯವಳಲ್ಲ ಅವಳು.

ನಾನು ಆಗ ಧಾರವಾಡದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ರಜೆಗೆ ಬಂದಾಗ ಊರಿನ ಯಾರ ಮಾತೂ ನನಗೆ ಪೂರ್ತಿ ಕೇಳಿಸಿಕೊಳ್ಳಲು ಯೋಗ್ಯವೆಂದು ಅನಿಸುತ್ತಿರಲಿಲ್ಲ. ಗಜನಿಯ ಒಡ್ಡು ಒಂದು ಕಡೆ ಕುಸಿದಿತ್ತು. ದುರಸ್ತಿಗೆ ಅನುದಾನ ಕೇಳಲು ಕಾರವಾರಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಆರು ಮನೆಗಳ ಪಾಲಿನ ಪಟ್ಟಿ ಬೇಕು ಎಂದು ಐದು ಪಾಳಿಯ ಮನೆಯ ಮಗ ಫಾರ್ಮು ಹಿಡಿದುಕೊಂಡು ಬಂದ. ಅಂಕೋಲೆ ಬಸ್‌ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದವನು. ಗಜನಿ ಸಮಿತಿಗೆ ತಾನೇ ಕಾರ್ಯದರ್ಶಿ ಎಂದು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡಿದ್ದ. ಸಮಿತಿ ಇದೆ ಎಂದು ಉಳಿದವರಿಗೆ ಗೊತ್ತಾದದ್ದೇ ಆ ಸ್ಟ್ಯಾಂಪಿನಿಂದ. ನೀನು ಕಲಿತವನು, ಚಂದ ಮಾಡಿ ಬರೆದುಕೊಡು ಎಂದ. ಕಾಲಂ ಸಣ್ಣದಿದೆ ಎಂದು ಅವನು ಹೇಳಿದನೋ, ನಾನೇ ಅಂದುಕೊಂಡೆನೋ, ಅದೇ ಈಗ ಪ್ರಶ್ನೆ.

ಬರೆಯಬೇಕಾದದ್ದು ಇಷ್ಟೇ: 6/24, 5/24, 4/24, 4/24, 3/24, 2/24. ಮಗ್ಗಿ ಬರುವ ಯಾರಾದರೂ ಬರೆಯಬಹುದಿತ್ತು. ನಾನು ಬರೆದದ್ದು: 1/4, 5/24, 1/6, 1/6, 1/8, 1/12.

ಯಾಕೆ ಎಂದು ಕೇಳಿದರೆ ಹೈಸ್ಕೂಲಿನ ಗಣಿತದ ಮಾಸ್ತರರ ಮೇಲೆ ಹಾಕಬಹುದು. ಸರಳ ರೂಪಕ್ಕೆ ತಾರದ ಉತ್ತರವನ್ನು ಅವರು ಉತ್ತರವೆಂದೇ ಒಪ್ಪುತ್ತಿರಲಿಲ್ಲ. ಲೆಕ್ಕ ಪೂರ್ತಿ ಸರಿ ಮಾಡಿ ಕೊನೆಗೆ 6/8 ಎಂದು ಬರೆದವನ ನೋಟ್‌ಬುಕ್ಕನ್ನು ಮೇಲೆತ್ತಿ ಹಿಡಿದು, ಇವನು ಸ್ನಾನ ಮಾಡಿ ತಲೆ ಒರೆಸಿಕೊಳ್ಳದೆ ಬಂದಿದ್ದಾನೆ ನೋಡಿ ಎಂದು ತರಗತಿಯನ್ನು ನಗಿಸುತ್ತಿದ್ದರು. ಮೇಲೆ ಎರಡರಿಂದ ಕಟ್ ಮಾಡು, ಕೆಳಗೆ ಎರಡರಿಂದ ಕಟ್ ಮಾಡು. ಅಂಶಕ್ಕೂ ಛೇದಕ್ಕೂ ಸಾಮಾನ್ಯವಾದದ್ದು ಏನೂ ಉಳಿಯಬಾರದು. ಇದನ್ನು ಅವರು ಶುಚಿತ್ವದ ವಿಷಯ ಎನ್ನುವ ಹಾಗೆ ಕಲಿಸಿದರು, ನಾನು ಹಾಗೆಯೇ ಕಲಿತೆ. ಆದರೆ ಮಾಸ್ತರರ ಮೇಲೆ ಹಾಕುವುದೂ ಕಾಲಮ್ಮಿನ ಮೇಲೆ ಹಾಕಿದಂತೆಯೇ. ಇಪ್ಪತ್ಮೂರು ವರ್ಷದ ಗಂಡಸು ಹತ್ತನೆಯ ತರಗತಿಯ ಅಭ್ಯಾಸವನ್ನು ಮುಂದೆ ಮಾಡಿಕೊಂಡು ತಪ್ಪಿಸಿಕೊಳ್ಳುವುದು ಅಸಹ್ಯ. ಆ ಪಟ್ಟಿಯಲ್ಲಿ ಒಂದೇ ಛೇದ ಆರು ಸಲ ಬರುವುದು ನನಗೆ ಹಳ್ಳಿತನದಂತೆ ಕಂಡಿತ್ತು. ಅಷ್ಟೇ.

ಆರು ಮನೆಗೂ ಒಂದೇ ಛೇದ ಇತ್ತು ಎನ್ನುವುದರಲ್ಲೇ ಆ ಗಜನಿಯ ವ್ಯವಸ್ಥೆ ಇತ್ತು ಎಂದು ನನಗೆ ಹೊಳೆಯಲಿಲ್ಲ. ಅಲ್ಲಿ ಯಾರೂ ಛೇದವನ್ನು ಹೇಳುತ್ತಿರಲಿಲ್ಲ, ಬರೆಯುತ್ತಿರಲಿಲ್ಲ, ನೋಡುತ್ತಿರಲಿಲ್ಲ. ಇಪ್ಪತ್ನಾಲ್ಕು ಎನ್ನುವುದು ನೀರು ಇಳಿಯುವಷ್ಟೇ ಸಹಜವಾಗಿ ಅವರ ತಲೆಯಲ್ಲಿತ್ತು. ಅವರು ಎಣಿಸುತ್ತಿದ್ದದ್ದು ಮೇಲಿನ ಅಂಕಿಯನ್ನು ಮಾತ್ರ. ನಾನು ಐದು ಮನೆಗಳ ಮೇಲಿನ ಅಂಕಿಯನ್ನು ಒಂದು ಮಾಡಿ ಕೂರಿಸಿದ್ದೆ. ಐದು ಪಾಳಿಯವರ ಐದು ಮಾತ್ರ ಯಾವುದರಿಂದಲೂ ಕಟ್ ಆಗದೆ ಹಾಗೇ ಉಳಿಯಿತು.

ಅನುದಾನ ಬಂತು. ಒಡ್ಡು ಗಟ್ಟಿಯಾಯಿತು. ಅಧಿಕಾರಿಗಳು ನೋಡಲು ಬರುತ್ತಾರೆ ಎಂದು ಕಾರ್ಯದರ್ಶಿ ಮಾಡಿನ ಗೋಡೆಗೆ ಹಸಿರು ಬಣ್ಣ ಬಳಿಸಿದ. ಸುಣ್ಣದ ಗೀಟುಗಳು ಅದರ ಕೆಳಗೆ ಹೋದವು. ಅವುಗಳ ಜಾಗದಲ್ಲಿ ನನ್ನ ಪಟ್ಟಿಯ ಟೈಪ್ ಮಾಡಿಸಿದ ಪ್ರತಿಯನ್ನು ಪ್ಲಾಸ್ಟಿಕ್ ಹಾಕಿಸಿ ಮೊಳೆ ಹೊಡೆದ. ಅದರ ಫೋಟೋ ಊರಿನ ವಾಟ್ಸಾಪ್ ಗುಂಪಿಗೂ ಬಂತು. ಕೈಗಾದಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ ನನ್ನ ಅಣ್ಣ ಕಂಪನಿ ಬಸ್ಸಿನಲ್ಲಿ ಕೂತೇ ಅದಕ್ಕೆ ಹೆಬ್ಬೆರಳು ಎತ್ತಿದ. ತಿಂಗಳ ಶಿಫ್ಟಿನ ಚೀಟಿಯಲ್ಲಿ ತನ್ನ ಒಂದು ರಜೆ ಆಚೀಚೆಯಾದರೆ ಮನೆಯ ಸೂರು ಹಾರುವಂತೆ ಕೂಗಾಡುವವನು ಇದನ್ನು ಓದಲೇ ಇಲ್ಲ.

ಮೇ ತಿಂಗಳ ಅಮಾವಾಸ್ಯೆಗೆ ಎರಡು ದಿನ ಮೊದಲು ಕಾರ್ಯದರ್ಶಿ ಬಂದು, ಅತ್ತೆಗೆ ಈ ವರ್ಷ ಒಂದೇ ಪಾಳಿ ಎಂದು ಅಂಗಳದಲ್ಲಿ ನಿಂತೇ ಹೇಳಿಹೋದ. ಕಾಗದದಲ್ಲಿ ಅವಳ ಎದುರು ಒಂದು ಎಂದಿದೆ, ಕಾರವಾರದಲ್ಲಿ ಮಂಜೂರಾದದ್ದೂ ಅದೇ, ಉಳಿದ ಒಂದು ಪಾಳಿ ಸಮಿತಿಯ ಲೆಕ್ಕಕ್ಕೆ. ಸಮಿತಿಯ ಬಲೆ ಎಂದರೆ ಅವನ ಮನೆಯ ಬಲೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅದೇ ಕಾಗದದಲ್ಲಿ ನಮ್ಮ ಮನೆಯ ಎದುರೂ ಒಂದು ಎಂದೇ ಇತ್ತು. ನಾಲ್ಕು ಪಾಳಿಯವರಿಗೂ ಒಂದು, ಮೂರು ಪಾಳಿಯವರಿಗೂ ಒಂದು. ಆ ವರ್ಷ ನಾವು ಆರು ಸಲ ಬಲೆ ಕಟ್ಟಿದ್ದೆವು, ಯಾರೂ ಕೇಳಿರಲಿಲ್ಲ. ಒಡ್ಡಿನ ಮೇಲೆ ಕತ್ತಿ ಹಿಡಿದು ನಿಲ್ಲಬಲ್ಲ ಗಂಡಸರಿದ್ದ ಮನೆಗಳಿಗೆ ಹಿಂದಿನಿಂದ ಬಂದ ಪದ್ಧತಿ. ಅತ್ತೆ ಒಬ್ಬಳಿಗೆ ಕಾಗದ. ಅವರಿಗೆ ಭಿನ್ನರಾಶಿ ಓದಲು ಬರುತ್ತಿರಲಿಲ್ಲ ಎಂದು ನಾನು ಮೊದಮೊದಲು ನಗುತ್ತಿದ್ದೆ. ಯಾರ ಎದುರು ಹೇಗೆ ಓದಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬಲೆಯ ಹರಕು ಹೆಣೆಯುತ್ತಿದ್ದಳು. ನಾನು ಹೋಗಿ ಅವಳಿಗೆ ಸಮಾಧಾನ ಹೇಳುವ ಬದಲು ಪಾಠ ಮಾಡಿದೆ. ನಾನು ಬರೆದದ್ದು ತಪ್ಪಲ್ಲ, ಹನ್ನೆರಡರಲ್ಲಿ ಒಂದು ಎಂದರೂ ಇಪ್ಪತ್ನಾಲ್ಕರಲ್ಲಿ ಎರಡು ಎಂದರೂ ಬೆಲೆ ಸಮ ಎಂದೆ. ಅವಳು ಹೆಣಿಗೆ ನಿಲ್ಲಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಎಣಿಸುವುದು ಬೆರಳಿನ ಗೆಣ್ಣುಗಳಲ್ಲಿ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳಿಗೆ ಮೂರು ಮೂರು, ಒಂದು ಕೈಗೆ ಹನ್ನೆರಡು. ಎರಡು ಕೈ ಸೇರಿದರೆ ಗಜನಿಯ ಒಂದು ವರ್ಷ. ಬಲಗೈಯ ಕಿರುಬೆರಳಿನ ಒಂದು ಗೆಣ್ಣು ಮುಟ್ಟಿ ನೋಡಿದಳು, ಆಮೇಲೆ ಎಡಗೈಯದನ್ನು.

"ಹನ್ನೆರಡರಲ್ಲಿ ಒಂದು ಅಂದ್ರೆ ಈ ಕೈಗೊಂದು, ಆ ಕೈಗೊಂದು. ಎರಡೇ ಆಯ್ತಲ್ಲ ತಮಾ. ಅವ್ನಿಗೆ ಒಂದೇ ಕೈಯಾ?"

ಧಾರವಾಡದಲ್ಲಿ ನನ್ನ ಜೊತೆ ಓದುತ್ತಿದ್ದವರಲ್ಲಿ ಅರ್ಧ ಜನ ಇಷ್ಟು ಬೇಗ ಹಿಡಿಯುತ್ತಿರಲಿಲ್ಲ. ಅವಳು ಬಲೆ ಮತ್ತೆ ಕೈಗೆತ್ತಿಕೊಂಡು, ತಲೆ ಎತ್ತದೆ ಕೇಳಿದಳು.

"ಎರಡು ಅಂತ ಬರ್ದಿದ್ರೆ ನಿನ್ನ ಪೆನ್ನು ಸವೀತಿತ್ತಾ?"

ಕಾಲಂ ಸಣ್ಣದಿತ್ತು ಎಂದು ನಾನು ಮೊದಲ ಬಾರಿಗೆ ಹೇಳಿದ್ದು ಆಗಲೇ ಇರಬೇಕು.

ಅಪ್ಪನನ್ನು ಕಾರ್ಯದರ್ಶಿಯ ಮನೆಗೆ ಕಳಿಸಲು ನೋಡಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಾ, ನಮ್ಮ ಆರಕ್ಕೆ ಯಾರೂ ಕೈ ಹಾಕಿಲ್ಲವಲ್ಲ, ನೀನು ಯಾಕೆ ಇದ್ದದ್ದನ್ನೂ ಕೆದಕುತ್ತೀ ಎಂದ. ತನ್ನ ಅಪ್ಪ ಎಳೆದ ಗೀಟು, ತನ್ನ ಅಕ್ಕನ ಪಾಳಿ. ಎಲೆ ಬಾಯಿಗೆ ಹಾಕಿಕೊಂಡ ಮೇಲೆ ಅವನು ಮಾತಾಡುವುದಿಲ್ಲ. ಅಂದು ಸ್ವಲ್ಪ ಬೇಗನೇ ಹಾಕಿಕೊಂಡ.

ನಾನೇ ಹೋದೆ. ಮಾಡಿನ ಹತ್ತಿರ ಕಾರ್ಯದರ್ಶಿಯೂ ಇನ್ನೂ ಮೂರು ನಾಲ್ಕು ಮಂದಿಯೂ ಇದ್ದರು. ಗೋಡೆಯ ಮೇಲೆ ಬರೆದು ತೋರಿಸುತ್ತೇನೆ ಎಂದರೆ ಹೊಸ ಬಣ್ಣ ಹಾಳಾಗುತ್ತದೆ ಎಂದರು. ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ಒಂದು ಉದ್ದ ಪಟ್ಟಿ ಬರೆದು, ಹನ್ನೆರಡು ಮನೆ ಮಾಡಿ ಒಂದಕ್ಕೆ ಕಪ್ಪು ಬಳಿದೆ. ಅದರ ಕೆಳಗೆ ಅಷ್ಟೇ ಉದ್ದದ ಇನ್ನೊಂದು, ಇಪ್ಪತ್ನಾಲ್ಕು ಮನೆ, ಎರಡಕ್ಕೆ ಕಪ್ಪು. ಎರಡೂ ಪಟ್ಟಿಯಲ್ಲಿ ಕಪ್ಪಿನ ಉದ್ದ ಸಮ ಎಂದು ಪೆನ್ನಿನ ತುದಿಯಿಂದ ತೋರಿಸಿದೆ. ಐದನೇ ಕ್ಲಾಸಿನ ಮಕ್ಕಳಿಗೆ ಮಾಡುವ ಪಾಠ. ಎಲ್ಲರೂ ಬಗ್ಗಿ ನೋಡಿದರು. ಹೌದು ಹೌದು, ಸಮ ಎಂದು ಒಬ್ಬ ತಲೆದೂಗಿದ. ನನಗೆ ಗೆದ್ದಂತಾಯಿತು.

ಕಾರ್ಯದರ್ಶಿ ಆ ಕಾಗದವನ್ನು ಮಡಚಿ ನನ್ನ ಅಂಗಿಯ ಕಿಸೆಗೆ ಹಾಕಿದ.

"ಸಮ ಅಂತ ನೀನೇ ಹೇಳ್ತೆ. ಸಮ ಇದ್ದ ಮೇಲೆ ಪಟ್ಟಿ ಬದಲು ಮಾಡೂದು ಎಂತಕೆ ಮಾರಾಯಾ?"

ಅಲ್ಲಿದ್ದವರು ನಕ್ಕರು. ಅವನು ಅಲ್ಲಿಗೇ ಬಿಡಲಿಲ್ಲ. ದೇವಬಾಗದಲ್ಲಿ ಮನೆ ಬಾಗಿಲಿಗೇ ದೋಣಿ ಬರುತ್ತದೆ, ಅಲ್ಲಿಗೆ ಇಲ್ಲಿಂದ ಶೆಟ್ಲಿ ಹೊತ್ತುಕೊಂಡು ಹೋಗುವುದೆಂದರೆ ಏನು, ಅಲ್ಲಿ ಮೀನಿಗೆ ಬರಗಾಲವೇ ಎಂದು ಕೇಳಿದ. ಮತ್ತೆ ನಕ್ಕರು. ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ಇಳಿಸುವುದರ ಹೊರತು ಯಾವ ವಿದ್ಯೆಯೂ ಇಲ್ಲದ ಮನುಷ್ಯ. ಅವನ ಮುಂದೆ ನಾನು ವಿದ್ಯಾವಂತನಾಗಿ ಸೋತೆ.

ಅಮಾವಾಸ್ಯೆಯ ಮೊದಲ ದಿನ ಅತ್ತೆ ಬಲೆ ಕಟ್ಟಿದಳು. ಎರಡನೇ ದಿನದ್ದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ: ಆಗಷ್ಟೇ ಬೆಳಗಾಗಿದೆ. ಅತ್ತೆ ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೂಬಿನ ಕಲ್ಲಿನ ಮೇಲೆ ಕೂತಿದ್ದಾಳೆ. ಕಾರ್ಯದರ್ಶಿ ತನ್ನ ಬಲೆ ಕಟ್ಟುತ್ತಿದ್ದಾನೆ. ನಾನು ಒಡ್ಡಿನ ಮೇಲಿನಿಂದ ಗಟ್ಟಿಯಾಗಿ, ಅದು ಅವಳ ಪಾಳಿ, ಬಿಡು ಎನ್ನುತ್ತೇನೆ.

ಕೆಲವು ವರ್ಷಗಳ ಹಿಂದೆ ಇದನ್ನು ಅಣ್ಣನ ಎದುರು ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆ ಎತ್ತಿ, ನೀನು ಹಿಂದಿನ ಸಂಜೆಯ ಬಸ್ಸಿಗೇ ಧಾರವಾಡಕ್ಕೆ ಹೋಗಿದ್ದೆಯಲ್ಲೋ ಎಂದ. ಕೈಗಾದಿಂದ ಶಿಫ್ಟ್ ಮುಗಿಸಿ ಬೆಳಿಗ್ಗೆ ಬಂದವನು ತಾನು. ಅತ್ತೆ ಕೂತದ್ದನ್ನು ನೋಡಿದವನೂ ತಾನೇ. ಅದನ್ನು ನನಗೆ ಫೋನಿನಲ್ಲಿ ಹೇಳಿದ್ದೂ ತಾನೇ ಎಂದ. ಅವನ ಪ್ರಕಾರ ಯಾರೂ ಏನೂ ಹೇಳಲಿಲ್ಲ. ಕಾರ್ಯದರ್ಶಿಗೆ ಆ ಕೊನೆಯ ಇಳಿತದ ಅಂದಾಜಿರಲಿಲ್ಲ. ನೀರು ಇಳಿತಕ್ಕೆ ತಿರುಗಿದ ಮೇಲೂ ಹಲಗೆ ಎತ್ತದೆ ಬೀಡಿ ಸೇದುತ್ತಾ ನಿಂತ, ಎತ್ತುವ ಹೊತ್ತಿಗೆ ಜೋರಿನ ನೀರು ಹೋಗಿ ಆಗಿತ್ತು. ಬಲೆಗೆ ಬಿದ್ದದ್ದು ಅರ್ಧ ಬುಟ್ಟಿ. ಎದುರಿಗೇ ಕೂತಿದ್ದೆಯಲ್ಲ ಅತ್ತೆ, ಒಂದು ಮಾತು ಹೇಳಬಾರದಾ ಎಂದು ಕಾರ್ಯದರ್ಶಿ ಸಿಟ್ಟು ಮಾಡಿದಾಗ ಅವಳು ಎದ್ದು ಸೀರೆಯ ಕೆಸರು ಕೊಡವಿಕೊಂಡಳಂತೆ.

"ಹೇಳೂಕೆ ಇವತ್ತು ನನ್ನ ಪಾಳಿ ಅಲ್ಲ."

ಅಣ್ಣ ಹೇಳಿದ್ದು ನಿಜವೋ, ನನ್ನ ನೆನಪು ನಿಜವೋ, ಪರೀಕ್ಷಿಸುವ ದಾರಿಯಿಲ್ಲ. ಆದರೆ ಅಣ್ಣನ ಕತೆಯಲ್ಲಿ ಅವನಿಗೆ ಏನೂ ಲಾಭವಿಲ್ಲ. ನನ್ನದರಲ್ಲಿ ನಾನು ಒಡ್ಡಿನ ಮೇಲೆ ನಿಂತಿದ್ದೇನೆ, ದನಿ ಎತ್ತುತ್ತಿದ್ದೇನೆ, ಬೆನ್ನ ಹಿಂದೆ ಬೆಳಕು ಬೇರೆ ಇದೆ.

ಆ ವರ್ಷ ಅತ್ತೆ ದೇವಬಾಗಕ್ಕೆ ಹೋಗಲಿಲ್ಲ. ಮುಂದಿನ ವರ್ಷವೂ ಒಂದೇ ಪಾಳಿ, ಮತ್ತೆ ಹೋಗಲಿಲ್ಲ. ಮಗಳೇ ಒಮ್ಮೆ ಬಂದು ನೋಡಿಕೊಂಡು ಹೋದಳು. ಆಮೇಲೆ ಇಡೀ ಗಜನಿಯನ್ನು ಹೊರಗಿನವರೊಬ್ಬರಿಗೆ ಶೆಟ್ಲಿ ಸಾಕಲು ಗುತ್ತಿಗೆಗೆ ಕೊಟ್ಟರು. ಇಪ್ಪತ್ನಾಲ್ಕೂ ಇಲ್ಲ, ಹನ್ನೆರಡೂ ಇಲ್ಲ ಎಂದಾಯಿತು. ಆಗ ಮಗಳು ಬಂದು ಅತ್ತೆಯನ್ನು ಕರೆದುಕೊಂಡು ಹೋದಳು. ಅತ್ತೆ ಬೀಗರ ಮನೆಗೆ ಕೊನೆಗೂ ಬರಿಗೈಯಲ್ಲೇ ಹೋದಳು, ವಾಪಸ್ಸು ಬರಲಿಲ್ಲ.

ನಾನು ಈಗ ಕಾರವಾರದಲ್ಲಿ ಪಾಠ ಹೇಳುತ್ತೇನೆ. ಉತ್ತರಪತ್ರಿಕೆಯಲ್ಲಿ ಯಾರಾದರೂ 6/8 ಎಂದು ಬಿಟ್ಟರೆ ಅರ್ಧ ಅಂಕ ಕಳೆಯುತ್ತೇನೆ. ಮೌಲ್ಯಮಾಪನದ ಸೂಚನೆ ಹಾಗಿದೆ. ಈ ಪ್ರಸಂಗದಿಂದ ಪಾಠ ಕಲಿತು ಅಂಕ ಕಳೆಯುವುದನ್ನು ಬಿಟ್ಟೆ ಎಂದು ಬರೆದಿದ್ದರೆ ಓದಲು ಚಂದವಿರುತ್ತಿತ್ತು, ಆದರೆ ಬಿಟ್ಟಿಲ್ಲ.

ಕೆಲವು ಭಾನುವಾರ ಕಾಳಿ ಸೇತುವೆ ದಾಟಿ ಅತ್ತೆಯನ್ನು ನೋಡಲು ಹೋಗುತ್ತೇನೆ. ಕಣ್ಣು ಮಂದವಾಗಿದೆ, ನಾಲಿಗೆ ಆಗಿಲ್ಲ. ಕಳೆದ ವರ್ಷ ಒಂದು ಸಲ ಅವಳ ಅಳಿಯನ ಎದುರು ಈ ಕತೆ ಬಂತು. ಅವನು ಕೇಳಿದ, ನಾನು ಯಥಾಪ್ರಕಾರ ಹೆಬ್ಬೆರಳು ಎತ್ತಿ ಕಾಲಮ್ಮಿನ ಅಗಲ ತೋರಿಸಿದೆ. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತವಳು ನನ್ನ ಕಡೆ ಮುಖ ತಿರುಗಿಸಿದಳು.

"ಸಣ್ಣದಿತ್ತು, ಸಣ್ಣದಿತ್ತು. ಹೋಗಿ ನೋಡ್ಕಂಡ್ ಬಂದ್ಯಾ ಒಂದು ಸಲ?" ಆಮೇಲೆ ದನಿ ಇಳಿಸಿ, "ನನ್ನ ಎರಡು ಎಲ್ಲಾದ್ರೂ ಬರ್ದದ್ದು ಇದ್ಯಾ, ಅದೊಂದು ನೋಡು."

ಅವಳಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಪಾಳಿ ವಾಪಸ್ಸು ಬರುವುದಿಲ್ಲ, ಗೋಡೆಯ ಗೀಟು ಬಣ್ಣದ ಕೆಳಗೆ ಹೋಯಿತು, ಎಳೆದವನೂ ನೋಡಿದ ಹಿರಿಯರೂ ಇಲ್ಲ. ತನಗೆ ಎರಡು ಇತ್ತು ಎನ್ನುವುದು ತನ್ನದೇ ನೆನಪು ಮಾತ್ರವೋ, ಬೇರೆ ಎಲ್ಲಾದರೂ ಇದೆಯೋ ಎಂದು ತಿಳಿದುಕೊಳ್ಳಬೇಕಿತ್ತು. ಕಲಿತವನೆಂದು ಓಡಾಡುವ ನಾನು ಇಷ್ಟು ವರ್ಷ ಕೇಳಿಕೊಳ್ಳದ ಪ್ರಶ್ನೆಯನ್ನು ಓದಲು ಬಾರದ ಅವಳು ಕೇಳಿದ್ದಳು.

ಮಾರನೆಯ ವಾರ ಅನುದಾನದ ಕಚೇರಿಗೆ ಹೋಗಿ ಹಳೆಯ ಅರ್ಜಿಯ ಪ್ರತಿಗಾಗಿ ಬರೆದುಕೊಟ್ಟೆ. ಕಡತ ಸಿಗಲಿಕ್ಕಿಲ್ಲ ಎಂದುಕೊಂಡಿದ್ದೆ, ಸಿಗದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡಿದ್ದೆ. ಸಿಕ್ಕಿತು. ಮೂಲವನ್ನೇ ತೆಗೆದು ಮೇಜಿನ ಮೇಲಿಟ್ಟು ನೋಡಿಕೊಳ್ಳಿ ಎಂದರು. ನನ್ನದೇ ಅಕ್ಷರ, ನೀಲಿ ಶಾಯಿ. ಪಾಲಿನ ಕಾಲಂ ನನ್ನ ಅಂಗೈಯಷ್ಟು ಅಗಲವಿದೆ. ಅತ್ತೆಯ ಸಾಲಿನಲ್ಲಿ ಮೊದಲು 2/24 ಎಂದು ಬರೆದು, ಮೇಲಿನ ಎರಡರ ಮೇಲೊಂದು, ಕೆಳಗಿನ ಇಪ್ಪತ್ನಾಲ್ಕರ ಮೇಲೊಂದು ಓರೆ ಗೀಟು ಎಳೆದು, ಪಕ್ಕದಲ್ಲಿ 1/12 ಎಂದು ಬರೆಯಲಾಗಿದೆ. ಓರೆ ಗೀಟಿನ ಅಡಿಯಲ್ಲೂ ಆ ಎರಡು ಸ್ಪಷ್ಟವಾಗಿ ಓದಲು ಬರುತ್ತದೆ, ಮತ್ತು ಎರಡೂ ಭಿನ್ನರಾಶಿ ಬರೆದ ಮೇಲೂ ಆ ಕಾಲಮ್ಮಿನಲ್ಲಿ ಮೂರು ಬೆರಳು ಜಾಗ ಖಾಲಿ ಇದೆ.